ಔದಾರ್ಯವೂ ಮತವೂ



ಸಜ್ಜನನೊಬ್ಬನು ತನ್ನ ನೆರೆಹೊರೆಯವರ ಹಿತಕ್ಕಾಗಿ ದುಡಿದು, ಅವರ ಪರವಾಗಿ ನಗರಸಭೆಯಲ್ಲಿ ಮಾತನಾಡಬೇಕೆಂಬ ಹಂಬಲದಿಂದ ಚುನಾವಣೆಗೆ ನಿಲ್ಲುತ್ತಾನೆ. ಎದುರಿಗೆ ನಿಂತವನು ಲಂಚಕೋರನೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೂ ಮತಗಳನ್ನು ಎಣಿಸಿದಾಗ ಗೆದ್ದವನು ಲಂಚಕೋರನೇ. ಆಗ ನಾವು ಹೇಳುವ ಮಾತು ಸಿದ್ಧವಾಗಿಯೇ ಇರುತ್ತದೆ: ಜನರಿಗೆ ವಿವೇಕವಿಲ್ಲ, ಒಂದು ಹೊತ್ತಿನ ಊಟಕ್ಕೆ ತಮ್ಮ ಮತವನ್ನು ಮಾರಿಕೊಂಡರು ಎಂದು. ಹೀಗೆ ಹೇಳಿದೊಡನೆ ನಮ್ಮ ಮನಸ್ಸಿಗೆ ಸಮಾಧಾನವಾಗಿಬಿಡುತ್ತದೆ. ಸೋತವನ ಕಡೆಗೆ ಯಾವ ದೋಷವೂ ಉಳಿಯುವುದಿಲ್ಲ, ಅವನ ಪಕ್ಷದಲ್ಲಿದ್ದ ನಮ್ಮ ಕಡೆಗೂ ಉಳಿಯುವುದಿಲ್ಲ. ಈ ಸಮಾಧಾನ ನ್ಯಾಯವಾದುದೇ ಎಂಬುದು ಇಲ್ಲಿಯ ಪ್ರಶ್ನೆ. ಇದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ನಿಜವಾಗಿ ನಡೆದ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಮೇಲು.

ಪ್ರಸಂಗ ನಡೆದದ್ದು ಅಮೆರಿಕದ ಷಿಕಾಗೋ ನಗರದಲ್ಲಿ, 19ನೆಯ ಶತಮಾನದ ಕೊನೆಯ ದಶಕದಲ್ಲಿ. ಆ ನಗರದ ಹಾಲ್‌ಸ್ಟೆಡ್ ಬೀದಿಯ ಒಂದು ಹಳೆಯ ಮನೆಯಲ್ಲಿ, 1889ರ ಸೆಪ್ಟೆಂಬರಿನಲ್ಲಿ, ಜೇನ್ ಆಡಮ್ಸ್ ಎಂಬಾಕೆ ತನ್ನ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಬಂದು ನೆಲೆಸಿದಳು. ಆಗ ಆಕೆಗೆ 29 ವರ್ಷ. ಅನುಕೂಲವಂತರ ಮನೆಯಲ್ಲಿ ಹುಟ್ಟಿ, ಓದಿ, ಯೂರೋಪಿನ ಪ್ರವಾಸವನ್ನೂ ಮುಗಿಸಿ ಬಂದಿದ್ದವಳು. ಬಡವರಿಗೆ ದೂರದಿಂದ ಕೊಟ್ಟರೆ ಸಾಲದು, ಅವರ ನಡುವೆಯೇ ನೆರೆಯವಳಾಗಿ ಬಾಳಬೇಕು ಎಂಬುದು ಆಕೆಯ ನಿಶ್ಚಯವಾಗಿತ್ತು. 'ಹಲ್ ಹೌಸ್' ಎಂದು ಹೆಸರಾದ ಆ ಮನೆಯಲ್ಲಿ ಶಿಶುವಿಹಾರ, ದುಡಿಯುವ ತಾಯಂದಿರ ಕೂಸುಗಳ ಪಾಲನಾಲಯ, ಸ್ನಾನಗೃಹ, ರಾತ್ರಿಯ ಪಾಠ ಇವೆಲ್ಲ ಕ್ರಮೇಣ ಬೆಳೆದವು. ಸುತ್ತಲಿನ ವಾರ್ಡಿನಲ್ಲಿದ್ದವರು ಇಟಲಿ, ಐರ್ಲೆಂಡ್, ಜರ್ಮನಿ, ಬೊಹೀಮಿಯ, ರಷ್ಯಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು.

ಆ ವಾರ್ಡಿನ ಬೀದಿಗಳ ಸ್ಥಿತಿ ಹೇಳಲಸದಳ. ಕಸವನ್ನು ಹಾಕಲೆಂದು ಇಟ್ಟಿದ್ದ ದೊಡ್ಡ ಮರದ ಪೆಟ್ಟಿಗೆಗಳು ತುಂಬಿ ತುಳುಕುತ್ತಿದ್ದವು, ಅವುಗಳ ಸುತ್ತಲೇ ಮಕ್ಕಳ ಆಟ. ಕಸ ಸಾಗಿಸುವ ಗುತ್ತಿಗೆಯನ್ನು ತನಗೇ ಕೊಡಿರೆಂದು ಆಡಮ್ಸ್ 1895ರಲ್ಲಿ ಅರ್ಜಿ ಹಾಕಿದಳು. ಅದು ತಾಂತ್ರಿಕ ಕಾರಣದಿಂದ ತಿರಸ್ಕೃತವಾಯಿತು, ಆದರೆ ನಗರದ ಮೇಯರ್ ಆಕೆಯನ್ನು ವರ್ಷಕ್ಕೆ 1000 ಡಾಲರು ಸಂಬಳದ ಕಸದ ಇನ್ಸ್‌ಪೆಕ್ಟರಳನ್ನಾಗಿ ನೇಮಿಸಿದನು. ಬೆಳಗಿನ ಜಾವ ಎದ್ದು ಬಂಡಿಗಳ ಹಿಂದೆ ಹೋಗುವುದು ಆಕೆಯ ನಿತ್ಯದ ಕೆಲಸವಾಯಿತು. ಒಂದು ಇಕ್ಕಟ್ಟಾದ ಬೀದಿಯಲ್ಲಿ ಕೊಳೆಯನ್ನು ತೆಗೆಯುತ್ತ ಹೋದಾಗ 18 ಅಂಗುಲ ಕೆಳಗೆ ಕಲ್ಲುಹಾಸಿನ ರಸ್ತೆಯೇ ದೊರೆಯಿತು! ಹಾಗೊಂದು ರಸ್ತೆ ಇದೆಯೆಂಬ ದಾಖಲೆ ಆಮೇಲೆ ನಗರಸಭೆಯ ಕಡತದಲ್ಲಿ ಸಿಕ್ಕಿತು. ನಗರದ ಮರಣಪ್ರಮಾಣದಲ್ಲಿ ಮೂರನೆಯದಾಗಿದ್ದ ಆ ವಾರ್ಡು ಏಳನೆಯ ಸ್ಥಾನಕ್ಕೆ ಇಳಿಯಿತು. ಕಸ ತೆಗೆದರೆ ಕೂಸುಗಳು ಬದುಕುತ್ತವೆ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿರಲಿಲ್ಲ.

ಕಸ ಏಕೆ ಅಲ್ಲಿಯೇ ಉಳಿಯುತ್ತಿತ್ತು ಎಂದು ವಿಚಾರಿಸುತ್ತ ಹೋದಂತೆ ದಾರಿ ಒಬ್ಬ ಮನುಷ್ಯನ ಮನೆಯ ಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು. ಅವನೇ ಆ ವಾರ್ಡಿನ ನಗರಸಭಾ ಸದಸ್ಯ ಜಾನ್ ಪವರ್ಸ್. ಐರ್ಲೆಂಡಿನಲ್ಲಿ ಹುಟ್ಟಿದವನು, ಮದ್ಯದಂಗಡಿಯ ಒಡೆಯ, 1888ರಿಂದ ಸಭೆಯಲ್ಲಿದ್ದವನು. ಕಸದ ಗುತ್ತಿಗೆ, ಟ್ರಾಮ್ ಕಂಪನಿಗಳಿಗೆ ಬೀದಿಗಳ ಹಕ್ಕು, ಇಂಥವುಗಳೆಲ್ಲ ಸಭೆಯಲ್ಲಿ ಹಣಕ್ಕೆ ಹಂಚಿಕೆಯಾಗುತ್ತಿದ್ದ ಕಾಲವದು. ಆ ಕಾಲದ ಸದಸ್ಯರ ಕೂಟಕ್ಕೆ ಪತ್ರಿಕೆಗಳು 'ಬೂದು ತೋಳಗಳು' ಎಂದೇ ಹೆಸರಿಟ್ಟಿದ್ದವು. ಆದ್ದರಿಂದ ಆಸನವನ್ನೇ ಗೆಲ್ಲಬೇಕೆಂಬ ಆಲೋಚನೆ ಹುಟ್ಟಿತು. ಆಡಮ್ಸ್ ತಾನೇ ನಿಲ್ಲುವಂತಿರಲಿಲ್ಲ, ನಗರಸಭೆಯ ಚುನಾವಣೆಯಲ್ಲಿ ಹೆಂಗಸರಿಗೆ ಮತವೂ ಇರಲಿಲ್ಲ. ಪ್ರತಿ ವಾರ್ಡಿಗೆ ಇಬ್ಬರು ಸದಸ್ಯರು, ವರ್ಷಕ್ಕೊಬ್ಬರಂತೆ ಆಯ್ಕೆ. 1895ರಲ್ಲಿ ಹಲ್ ಹೌಸಿನ ಪುರುಷರ ಸಂಘದವರು ತಮ್ಮ ಕಡೆಯವನೊಬ್ಬನನ್ನು ನಿಲ್ಲಿಸಿ ಗೆಲ್ಲಿಸಿಯೂಬಿಟ್ಟರು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಸಭೆಯೊಳಗೆ ಕಾಲಿಟ್ಟ ಮೇಲೆ ಅವನು ಪವರ್ಸನ ಪಂಗಡಕ್ಕೇ ಸೇರಿದನು.

ಮರುವರ್ಷ, 1896ರಲ್ಲಿ, ಪವರ್ಸನ ಆಸನಕ್ಕೇ ಸ್ಪರ್ಧೆ. ಈ ಸಲ ಎಚ್ಚರದಿಂದ ಆರಿಸಿದ ಉಮೇದುವಾರನು ಇಟ್ಟಿಗೆ ಕಟ್ಟುವ ಗಾರೆ ಕೆಲಸಗಾರ, ಕಾರ್ಮಿಕ ಸಂಘದಲ್ಲಿ ಮುಂದಾಳಾಗಿದ್ದವನು, ಬೆವರು ಸುರಿಸಿ ಉಣ್ಣುವವನು. ದುಡಿಯುವವರ ವಾರ್ಡಿಗೆ ದುಡಿಯುವವನೇ ಪ್ರತಿನಿಧಿಯಾಗಲಿ ಎಂಬ ಭಾವನೆ ಎಷ್ಟು ಸಹಜವಾದುದು! ಆಗ ಒಂದು ಚಿತ್ರ ಅಚ್ಚಾಗಿ ಹಂಚಲ್ಪಟ್ಟಿತು. ಒಂದು ಪಕ್ಕದಲ್ಲಿ ಪವರ್ಸ್ ಉತ್ಸವದ ಉಡುಪು ತೊಟ್ಟು ಔತಣದ ಮೇಜಿನ ಮುಂದೆ ಷಾಂಪೇನ್ ಕುಡಿಯುತ್ತಿದ್ದಾನೆ. ಇನ್ನೊಂದು ಪಕ್ಕದಲ್ಲಿ ಗಾರೆಯವನು ಅರ್ಧ ಕಟ್ಟಿದ ಗೋಡೆಯ ಮೇಲೆ ಕುಳಿತು ಬುತ್ತಿಯ ಡಬ್ಬಿಯಿಂದ ಬಡ ಊಟವನ್ನು ಉಣ್ಣುತ್ತಿದ್ದಾನೆ. ಇವರಲ್ಲಿ ನಿಮ್ಮ ಪ್ರತಿನಿಧಿ ಯಾರಾಗಬೇಕು ಎಂಬುದು ಪ್ರಶ್ನೆ. ಉತ್ತರ ಏನು ಬರುವುದೆಂದು ಚಿತ್ರ ಹೊರಡಿಸಿದವರಿಗೆ ಅನುಮಾನವೇ ಇರಲಿಲ್ಲ. ಆದರೆ ಜನ ಷಾಂಪೇನಿನವನನ್ನು ಬಯಸಿದರು. ತಮ್ಮ ಪರವಾಗಿ ದೊಡ್ಡವರ ನಡುವೆ ಕೂರುವವನು ಎದೆಯ ಮೇಲೆ ವಜ್ರ ಧರಿಸಿ ದೊಡ್ಡವನಂತೆಯೇ ಕಾಣಬೇಕು, ಮೇಲುಡುಪಿಗೆ ಸುಣ್ಣ ಮೆತ್ತಿದ ತಮ್ಮಂಥವನೇ ಏಕೆ ಎಂದು ಅವರಿಗೆ ತೋರಿತು. ಗಾರೆಯವನು ಸೋತನು. 1898ರಲ್ಲಿ ಮತ್ತೊಬ್ಬನನ್ನು ನಿಲ್ಲಿಸಿ, ಇನ್ನೂ ಹೆಚ್ಚು ಸದ್ದು ಮಾಡಿ ಹೋರಾಡಿದರು. ಸೋಲೂ ಇನ್ನಷ್ಟು ದೊಡ್ಡದಾಯಿತು.

ಇಲ್ಲಿಗೇ ನಿಂತಿದ್ದರೆ ಈ ಕಥೆಯನ್ನು ನಿಮ್ಮ ಮುಂದೆ ಇಡುವ ಅಗತ್ಯವಿರಲಿಲ್ಲ. ಆಡಮ್ಸ್ ಸೋಲಿನ ಎದುರು ಕುಳಿತು ಜನರನ್ನು ಬೈಯಲಿಲ್ಲ. 1898ರ ಏಪ್ರಿಲಿನಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಆಕೆ ಎತ್ತಿದ ಪ್ರಶ್ನೆ, ಈ ಮನುಷ್ಯನನ್ನು ಜನ ಏಕೆ ಪ್ರೀತಿಸುತ್ತಾರೆ ಎಂಬುದು. ಉತ್ತರವನ್ನು ಆಕೆ ನೆರೆಮನೆಗಳಲ್ಲಿ ಹುಡುಕಿದಳು. ಬಾಡಿಗೆ ಕಟ್ಟಲಾರದೆ ಬೀದಿಗೆ ಬೀಳುವವನ ಬಾಡಿಗೆಯನ್ನು ಪವರ್ಸ್ ಕಟ್ಟುತ್ತಿದ್ದನು. ಮಗನನ್ನು ಪೋಲೀಸರು ಹಿಡಿದೊಯ್ದರೆ ಜಾಮೀನು ನಿಲ್ಲುತ್ತಿದ್ದನು. ಮದುವೆಗೆ ಉಡುಗೊರೆ, ಚರ್ಚಿನ ಜಾತ್ರೆಯಲ್ಲಿ ಕೈತುಂಬ ಖರೀದಿ. ಕ್ರಿಸ್‌ಮಸ್ಸಿನಲ್ಲಿ ಟನ್ನುಗಟ್ಟಲೆ ಟರ್ಕಿ ಕೋಳಿಗಳನ್ನೂ ಬಾತುಗಳನ್ನೂ ಹಂಚುತ್ತಿದ್ದನು, ಅದನ್ನು ಪಡೆಯಲು ಯಾವ ಅರ್ಜಿಯೂ ಬೇಡ, ಯೋಗ್ಯನೋ ಅಯೋಗ್ಯನೋ ಎಂಬ ವಿಚಾರಣೆಯೂ ಇಲ್ಲ. ವಾರ್ಡಿನ ಮತದಾರರಲ್ಲಿ ಸುಮಾರು ಐವರಿಗೊಬ್ಬನ ಕೆಲಸ ಅವನ ಕೃಪೆಯನ್ನೇ ಅವಲಂಬಿಸಿತ್ತೆಂಬುದನ್ನು ಹಲ್ ಹೌಸಿನವರು ಕಂಡುಕೊಂಡರು.

ಎಲ್ಲಕ್ಕಿಂತ ಮುಖ್ಯವಾದುದು ಸಾವು. ಬಡವನ ಮನೆಯಲ್ಲಿ ಸಾವಾದರೆ, ಸರಕಾರದ ಖರ್ಚಿನಲ್ಲಿ ಅನಾಥ ಶವದಂತೆ ಮಣ್ಣಾಗುವುದಕ್ಕಿಂತ ಮಿಗಿಲಾದ ಅವಮಾನ ಆ ಜನಕ್ಕೆ ಬೇರೊಂದಿರಲಿಲ್ಲ. ಆ ಹೊತ್ತಿಗೆ ಪವರ್ಸ್ ಬಂದು ನಿಲ್ಲುತ್ತಿದ್ದನು, ಗಾಡಿಗಳನ್ನು ಕಳುಹಿಸುತ್ತಿದ್ದನು, ಹೂವುಗಳನ್ನು ತರಿಸುತ್ತಿದ್ದನು. ಇದರ ಬೆಲೆ ಆಡಮ್ಸಳಿಗೆ ತಿಳಿದದ್ದು ತನ್ನ ತಪ್ಪಿನಿಂದ. ಪಾಲನಾಲಯದಲ್ಲಿ ಯಾರೋ ಬಿಟ್ಟುಹೋದ ಕೂಸೊಂದು ಎಷ್ಟು ಆರೈಕೆ ಮಾಡಿದರೂ ಉಳಿಯಲಿಲ್ಲ. ಹಲ್ ಹೌಸಿನವರು ವ್ಯವಹಾರಬುದ್ಧಿಯಿಂದ ಅದನ್ನು ಸರಕಾರಿ ಗಾಡಿಗೆ ಒಪ್ಪಿಸಲು ಏರ್ಪಾಡು ಮಾಡಿದರು. ಸುದ್ದಿ ಹಬ್ಬಿದೊಡನೆ ನೆರೆಯ ಹೆಂಗಸರು ಕಳವಳಗೊಂಡು ಓಡಿಬಂದರು. ಕೂಸಿಗೆ ಬೇಕಾದಾಗಲೆಲ್ಲ ಔಷಧಿ, ಹಾಲು, ಆರೈಕೆ ನಾವು ಕೊಟ್ಟೆವಲ್ಲ, ಸತ್ತ ದೇಹಕ್ಕೆ ಹಣವೇಕೆ ಎಂದು ಹಲ್ ಹೌಸಿನವರು ಅವರಿಗೆ ವಾದಿಸಿ ತಿಳಿಹೇಳಲು ಯತ್ನಿಸಿದರು. ಆ ಹೆಂಗಸರು ತಮ್ಮ ಬಡತನದಲ್ಲೇ ಕಾಸು ಕೂಡಿಸಿ ಕೂಸಿಗೆ ಮರ್ಯಾದೆಯ ಸಂಸ್ಕಾರ ಮಾಡಿಸಿದರು. ತಾನು ನೈತಿಕವಾದ ಒಂದು ನಿಜ ಭಾವನೆಯನ್ನು ಅರಿಯದೆ ತುಳಿದೆನೆಂದು ಆಡಮ್ಸ್ ಒಪ್ಪಿಕೊಂಡಳು. ಈ ಒಪ್ಪಿಗೆಯನ್ನು ನಾನು ಆಕೆಯ ದೊಡ್ಡತನವೆಂದು ಭಾವಿಸುತ್ತೇನೆ. ಸುಧಾರಕರಲ್ಲಿ ಇದು ಅಪರೂಪ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪವರ್ಸ್ ಕೊಟ್ಟದ್ದು ದಾನವೇ? ಅವನು ಕೊಟ್ಟ ಹಣ ಟ್ರಾಮ್ ಕಂಪನಿಯಿಂದ ಬಂದದ್ದು. ಕಂಪನಿ ಅದನ್ನು ಪ್ರಯಾಣಿಕರ ಕಾಸಿನಿಂದ ಮರಳಿ ಪಡೆಯುತ್ತಿತ್ತು. ಸಾವಿನ ಮನೆಗೆ ಹೂವು ಪಡೆದ ವಿಧವೆ ದಿನವೂ ಕೆಲಸಕ್ಕೆ ಹೋಗುವಾಗ ಟ್ರಾಮಿನಲ್ಲಿ ಆ ಹೂವಿನ ಬೆಲೆಯನ್ನು ತೆರುತ್ತಿದ್ದಳು. ಅವಳ ಬೀದಿಯ ಕೊಳೆ ತೆಗೆಯದೆ ಉಳಿದದ್ದರಿಂದ ಮಗು ಸತ್ತಿದ್ದರೆ, ಆ ಮಗುವಿನ ಸಂಸ್ಕಾರಕ್ಕೂ ಪವರ್ಸನೇ ಬರುತ್ತಿದ್ದನು. ಕೇಳಲು ಕಠೋರವಾದ ಮಾತು, ಆದರೆ ಲೆಕ್ಕ ಹಾಗೆಯೇ ಇದೆ. ಪರರ ಕೈಯಿಂದ ಕಸಿದು ಅವರಿಗೇ ಒಂದು ಭಾಗವನ್ನು ಪ್ರೀತಿಯಿಂದ ಹಿಂದಿರುಗಿಸುವುದು ದಾನವಲ್ಲ. ದಾಸೋಹವೆಂಬ ಮಾತನ್ನು ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕೊಡುವ ವಸ್ತು ಕೊಡುವವನ ಕಾಯಕದಿಂದಲೇ ಬಂದಿರಬೇಕು, ಕೊಡುವವನು ತಾನು ಒಡೆಯನೆಂದು ಮೆರೆಯುವಂತಿಲ್ಲ.

ಆದರೆ ತೆಗೆದುಕೊಂಡವರ ಪಾಪವೆಷ್ಟು? ಪ್ರಸಾದನಿಲಯದಲ್ಲಿ ಉಂಡು ಓದಿ ಮುಂದೆ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಹಸಿದ ಹೊತ್ತಿಗೆ ತಟ್ಟೆಯಲ್ಲಿ ಬಿದ್ದ ಅನ್ನದ ಋಣ ಎಷ್ಟು ಆಳಕ್ಕೆ ಇಳಿಯುತ್ತದೆಂಬುದು ನಿಮಗೆ ಗೊತ್ತು. ಆ ಋಣವನ್ನು ನೆನೆದು ಮತ ಹಾಕಿದವನು ಕೃತಘ್ನನಲ್ಲ. ಅವನಲ್ಲಿದ್ದ ಕೃತಜ್ಞತೆಯೆಂಬ ಸದ್ಗುಣವನ್ನೇ ಪವರ್ಸ್ ಬಂಡವಾಳವಾಗಿ ಮಾಡಿಕೊಂಡಿದ್ದನು. ಚರಂಡಿ, ರಸ್ತೆ, ನ್ಯಾಯವಾದ ಗುತ್ತಿಗೆ, ಇವು ಎಲ್ಲರಿಗೂ ಸಮಾನವಾಗಿ ಸಲ್ಲುವ ಹಿತಗಳು. ಆದ್ದರಿಂದಲೇ ಯಾರ ಹೃದಯವನ್ನೂ ಅವು ಪ್ರತ್ಯೇಕವಾಗಿ ಮುಟ್ಟುವುದಿಲ್ಲ. ಚರಂಡಿಗೆ ಕೈಮುಗಿಯುವವರಿಲ್ಲ. ಗಾರೆಯವನು ಚರಂಡಿಯ ಮಾತನ್ನಾಡಿದನು, ಪವರ್ಸ್ ಶವದ ಹಿಂದೆ ನಡೆದನು.

ಆಡಮ್ಸಳ ತೀರ್ಮಾನದಲ್ಲಿ ಒಂದಂಶವನ್ನು ಒಪ್ಪಲು ನನಗೆ ಸಂಕೋಚ. ಜನರ ಈ ನೀತಿ ಇನ್ನೂ ಬಾಲ್ಯಾವಸ್ಥೆಯದು, ವ್ಯಕ್ತಿಯ ಒಳ್ಳೆಯತನದಿಂದ ಸಮಾಜದ ಒಳ್ಳೆಯತನಕ್ಕೆ ಅವರು ಬೆಳೆಯಬೇಕು ಎಂಬ ಧ್ವನಿ ಆಕೆಯ ಬರಹದಲ್ಲಿದೆ. ಬೆಳೆಯಬೇಕಾದವರು ಅವರು ಮಾತ್ರವೇ? ಪವರ್ಸನಿಗೆ ಲಂಚ ಕೊಟ್ಟವರು ವಿದ್ಯಾವಂತರೂ ಗೌರವಸ್ಥರೂ ಆದ ವ್ಯಾಪಾರಿಗಳು. ಅವರ ಮನೆ ಬೇರೆ ವಾರ್ಡಿನಲ್ಲಿತ್ತು, ಅಲ್ಲಿಯ ಬೀದಿ ಚೊಕ್ಕಟವಾಗಿತ್ತು. ಲಂಚಗುಳಿತನವನ್ನು ಸಭೆಗಳಲ್ಲಿ ಖಂಡಿಸಿದವರಲ್ಲಿಯೂ ಕೆಲವರು ಅವರ ಕಂಪನಿಯ ಷೇರುಗಳನ್ನು ಹೊಂದಿದ್ದರೆ ಆಶ್ಚರ್ಯವೇನಿಲ್ಲ. ಬಡವನು ಕೋಳಿಗೆ ಮತ ಕೊಟ್ಟರೆ ಅವಿವೇಕ, ಧನಿಕನು ಡಿವಿಡೆಂಡಿಗೆ ಮೌನ ಕೊಟ್ಟರೆ ಅದಕ್ಕೆ ಹೆಸರೇ ಇಲ್ಲ!

ಆಡಮ್ಸಳಿಗೂ ಈ ತೊಡಕು ತಿಳಿಯದೆ ಇರಲಿಲ್ಲ. ಹಲ್ ಹೌಸು ನಡೆಯುತ್ತಿದ್ದುದೂ ಉಳ್ಳವರ ಕೊಡುಗೆಯಿಂದಲೇ. ದುಡಿಯುವ ಹುಡುಗಿಯರ ಸಂಘಕ್ಕೆ ಕಟ್ಟಡ ಬೇಕಾಗಿದ್ದಾಗ 20,000 ಡಾಲರು ಕೊಡಲು ಒಬ್ಬನು ಮುಂದೆ ಬಂದನು. ವಿಚಾರಿಸಿದರೆ ಅವನು ತನ್ನಲ್ಲಿ ದುಡಿಯುವ ಹುಡುಗಿಯರಿಗೆ ಅತಿ ಕಡಿಮೆ ಕೂಲಿ ಕೊಡುವನೆಂದು ಕುಖ್ಯಾತನಾಗಿದ್ದವನು. ಹಣವನ್ನು ತಿರಸ್ಕರಿಸಿದರು. ಕೈಗೆ ಬಂದ ಕಟ್ಟಡವನ್ನು ಬಿಟ್ಟುಕೊಡುವುದೆಂದರೆ ಸಾಮಾನ್ಯವೆ? ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಸಂಸ್ಥೆಗಳ ಬಂಧುಗಳಾದ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತದೆ. ನಾನೂ ಅಂಥ ಕಲ್ಲುಗಳ ಕೆಳಗೆ ನಡೆದು ಶಾಲೆಗೆ ಹೋದವನು. ಹೆಸರಿನ ಹಿಂದಿನ ಹಣ ಎಲ್ಲಿಂದ ಬಂತೆಂದು ಆಗ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

1898ರ ಸೋಲಿನ ನಂತರ ಹಲ್ ಹೌಸಿನವರು ಪವರ್ಸನ ಎದುರು ಮತ್ತೆ ಯಾರನ್ನೂ ನಿಲ್ಲಿಸಲಿಲ್ಲ. ನೆರೆಯವರಾಗಿ ಉಳಿದರು. ಇಲಿನಾಯ್ ರಾಜ್ಯದ ಹೆಂಗಸರಿಗೆ ನಗರಸಭೆಯ ಮತ ದೊರೆತದ್ದು 1913ರಲ್ಲಿ. ಆಡಮ್ಸಳಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂದಿತು, 1935ರಲ್ಲಿ ಆಕೆ ತೀರಿಕೊಂಡಳು. ಪವರ್ಸ್ 1921ರ ಚುನಾವಣೆಯಲ್ಲಿಯೂ ಗೆದ್ದನು. ಆ ಗಾರೆ ಕೆಲಸಗಾರನ ವಿಷಯ ಇತಿಹಾಸ ಹೆಚ್ಚು ಹೇಳುವುದಿಲ್ಲ. ಗೋಡೆಯ ಮೇಲೆ ಕುಳಿತು ಬುತ್ತಿ ಉಣ್ಣುವ ಅವನ ಚಿತ್ರದ ವರ್ಣನೆಯನ್ನು ಓದಿದಾಗ, ಆ ವಾರ್ಡಿನಲ್ಲಿ ನಾನಿದ್ದು, ಹಿಂದಿನ ಚಳಿಗಾಲದಲ್ಲಿ ನನ್ನ ಮನೆಯಿಂದ ಒಂದು ಶವ ಹೊರಟಿದ್ದರೆ ಯಾರಿಗೆ ಮತ ಹಾಕುತ್ತಿದ್ದೆನೆಂದು ಕೇಳಿಕೊಂಡೆ. ಉತ್ತರ ಗಾರೆಯವನ ಪರವಾಗಿ ಬೇಗನೆ ಹೊರಡಲಿಲ್ಲ.