ಸರದಿಯಲ್ಲಿ ನಿಂತವರ ನ್ಯಾಯ

ಅಮೆರಿಕ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳನ್ನು ಕೊಡುತ್ತದೆ. ಯಾವುದೇ ಒಂದು ದೇಶದವರಿಗೆ ಅದರಲ್ಲಿ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ನೂರ ನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷದ ಆಸುಪಾಸಿನ ಐಸ್‌ಲ್ಯಾಂಡಿಗೂ ಮಿತಿ ಒಂದೇ. ಲೆಕ್ಕಕ್ಕೆ ಬರುವುದಾದರೂ ಕೈಯಲ್ಲಿರುವ ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ನೆಲ. ಹಾಸನದಲ್ಲಿ ಹುಟ್ಟಿ ಮುಂದೆ ಕೆನಡಾದ ಪೌರತ್ವ ಪಡೆದವರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಆ ಸಾಲು ದಶಕಗಳಷ್ಟು ಉದ್ದ. ಕಂಕುಳಲ್ಲಿ ಎತ್ತಿಕೊಂಡು ಹೋದ ಮಗುವಿಗೆ 21 ತುಂಬಿ, ಅಪ್ಪ ಅಮ್ಮನ ಅರ್ಜಿಯಿಂದ ಹೊರಬೀಳುವ ಸಂಭವವೂ ಉಂಟು.

ಈ ಸಾಲಿನಲ್ಲಿ ನಿಂತವರು ಕೇಳುವ ಪ್ರಶ್ನೆ ನ್ಯಾಯವಾದದ್ದು. ಎಲ್ಲಿ ಹುಟ್ಟಬೇಕೆಂದು ನಾನು ಆರಿಸಿಕೊಳ್ಳಲಿಲ್ಲ, ಅದನ್ನೇ ಹಿಡಿದು ನನ್ನ ಬದುಕನ್ನು ಅಳೆಯುವುದು ಎಂಥ ನ್ಯಾಯ? ಇದಕ್ಕೆ ಒಪ್ಪುವಂಥ ಉತ್ತರ ಇದುವರೆಗೆ ಯಾರೂ ಕೊಟ್ಟಿಲ್ಲ. ಆದರೆ ಈ ಪ್ರಶ್ನೆ ಕೇಳುವವರ ಅಳವಿಗಿಂತ ದೊಡ್ಡದು. ಒಮ್ಮೆ ಬಾಯಿಂದ ಹೊರಟಿತೆಂದರೆ ಅಮೆರಿಕದ ವಲಸೆ ಕಚೇರಿಯ ಬಾಗಿಲಲ್ಲಿ ನಿಲ್ಲುವುದಿಲ್ಲ. ತಿರುಗಿ ನಮ್ಮ ಮನೆಯೊಳಕ್ಕೂ ಬರುತ್ತದೆ.

ಮೊದಲು ಪ್ರಶ್ನೆಯ ಬಲವನ್ನು ನೋಡೋಣ. ವಿಶ್ವಬ್ಯಾಂಕಿನಲ್ಲಿ ಬಹುಕಾಲ ದುಡಿದ ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೋವಿಚ್ ಜಗತ್ತಿನ ಜನರ ಆದಾಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅವುಗಳ ನಡುವಿನ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಅವರವರು ಇರುವ ದೇಶವೇ ಕಾರಣವೆಂದು ಕಂಡುಬಂತು. ಅರ್ಥಶಾಸ್ತ್ರಜ್ಞ ಹಾ-ಜೂನ್ ಚಾಂಗ್ ಕೊಡುವ ಉದಾಹರಣೆ ಇನ್ನೂ ನೇರ: ಸ್ಟಾಕ್‌ಹೋಮಿನ ಬಸ್ ಚಾಲಕನ ಸಂಬಳ ದೆಹಲಿಯ ಚಾಲಕನದಕ್ಕಿಂತ ಸುಮಾರು 50 ಪಟ್ಟು. ದನ, ಗಾಡಿ, ಸೈಕಲ್ಲುಗಳ ನಡುವೆ ಬಸ್ಸು ನುಸುಳಿಸುವ ದೆಹಲಿಯವನೇ ಹೆಚ್ಚು ನುರಿತವನಿದ್ದರೂ ಇರಬಹುದು. ದುಡಿಮೆಯೇ ದುಡ್ಡಿನ ತಾಯಿ ಎಂಬ ಗಾದೆ ಗಡಿ ದಾಟುವ ಹೊತ್ತಿಗೆ ಸುಳ್ಳಾಗುತ್ತದೆ. ಶ್ರೀಮಂತ ದೇಶದ ಪೌರತ್ವ ಹಳೆಯ ಪಾಳೇಗಾರಿಕೆಯ ಹುಟ್ಟುಹಕ್ಕಿನಂಥದೇ ಎಂದು ತತ್ತ್ವಜ್ಞಾನಿ ಜೋಸೆಫ್ ಕ್ಯಾರೆನ್ಸ್ 1987ರಲ್ಲೇ ವಾದಿಸಿದ್ದರು. ಪಡೆದವರು ಅದಕ್ಕಾಗಿ ಏನೂ ಮಾಡಿರುವುದಿಲ್ಲ, ಆದರೂ ಬದುಕಿನ ಹೆಚ್ಚುಪಾಲು ಅದರಿಂದಲೇ ತೀರ್ಮಾನವಾಗುತ್ತದೆ.

ಒಪ್ಪೋಣ. ಈಗ ದೇಶ ಎಂಬುದರ ಜಾಗದಲ್ಲಿ ಮನೆತನ, ಜಾತಿ, ಅಪ್ಪನ ಹೊಲ, ಅಮ್ಮನ ಓದು, ಊರಿನ ಶಾಲೆ ಇವನ್ನೆಲ್ಲ ಇಟ್ಟು ನೋಡಿ. ವಾದದ ಒಂದಕ್ಷರವೂ ಬದಲಾಗುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಯಾರೂ ಅರ್ಜಿ ಹಾಕಿ ಪಡೆದಿಲ್ಲ. ಆದರೂ ಗಡಿಯ ಬಳಿ ಅಷ್ಟು ಸ್ಪಷ್ಟವಾಗಿ ಕಂಡ ಅನ್ಯಾಯ ಮನೆಯೊಳಗೆ ಬಂದಾಗ ಪ್ರತಿಭೆ, ಶ್ರಮ, ಹಣೆಬರಹ ಎಂದು ಹೆಸರು ಬದಲಿಸಿಕೊಳ್ಳುತ್ತದೆ.

ಈ ಇಬ್ಬಂದಿತನಕ್ಕೆ ನೂರು ವರ್ಷದ ಹಿಂದಿನ ಒಂದು ಮೊಕದ್ದಮೆ ಸಾಕ್ಷಿ. ಪಂಜಾಬಿನಿಂದ ಹೋಗಿ ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಅಲ್ಲಿನ ಪೌರತ್ವ ಕೇಳಿದರು. ಆಗಿನ ಕಾನೂನಿನಂತೆ ಅದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಸಲ್ಲುತ್ತಿತ್ತು. ಜನಾಂಗ ನೋಡಿ ಪೌರತ್ವ ಕೊಡುವುದೇ ತಪ್ಪು ಎಂದು ಅವರ ಪರವಾಗಿ ಯಾರೂ ವಾದಿಸಲಿಲ್ಲ. ಥಿಂಡ್ ಮೇಲ್ಜಾತಿಯ ಆರ್ಯ ವಂಶದವರು, ಕೆಳಗಿನವರೊಡನೆ ಮದುವೆ ಸಂಬಂಧವನ್ನು ಅವರೂ ಒಲ್ಲರು, ಆದ್ದರಿಂದ ಅವರೂ ಬಿಳಿಯರೇ ಎಂಬುದು ವಾದವಾಗಿತ್ತು. ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ತಳ್ಳಿಹಾಕಿತು. ಅದಕ್ಕೂ ಹಿಂದೆಯೇ ಪೌರತ್ವ ಪಡೆದಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು. ಮೇಲಿನ ಬಾಗಿಲು ತೆರೆಸಲು ಕೆಳಗಿನ ಬಾಗಿಲ ಅಗುಳಿಯನ್ನೇ ಪುರಾವೆಯಾಗಿ ತೋರಿಸಿದ ವಾದ ಅದು, ಅದರಿಂದ ಯಾವ ಬಾಗಿಲೂ ತೆರೆಯಲಿಲ್ಲ. ವಲಸೆಯ ಬಾಗಿಲು ನಿಜವಾಗಿ ತೆರೆದದ್ದು 1965ರಲ್ಲಿ, ದೇಶವಾರು ಹಳೆಯ ಕೋಟಾ ಪದ್ಧತಿ ರದ್ದಾದಾಗ. ಕರಿಯರ ನಾಗರಿಕ ಹಕ್ಕುಗಳ ಹೋರಾಟ ಆ ದೇಶದ ಆತ್ಮಸಾಕ್ಷಿಯನ್ನು ಕದಡಿದ್ದ ಕಾಲವದು. ಇಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರನ ಯಶಸ್ಸಿನಲ್ಲಿ ಅಲಬಾಮಾದ ಬೀದಿಗಳಲ್ಲಿ ಲಾಠಿ ತಿಂದವರ ಪಾಲೂ ಇದೆ.

ಪ್ರತಿಭೆಯ ವಾದವೂ ನಮಗೆ ಹೊಸದಲ್ಲ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುವ ದಾರಿ ಹುಡುಕಲು ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ದಿವಾನ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಅವರ ಕಳಕಳಿಯನ್ನು ಹಗುರವಾಗಿ ಕಾಣಬೇಕಿಲ್ಲ: ಮೊದಲು ಎಲ್ಲರಿಗೂ ಶಿಕ್ಷಣ ಹರಡಲಿ, ಆಡಳಿತದ ದಕ್ಷತೆ ಕೆಡದಿರಲಿ ಎಂಬುದು ಅವರ ನಿಲುವು. ಆದರೆ ಶಿಕ್ಷಣ ತಾನಾಗಿ ಹರಡಿ ತಮ್ಮ ಸರದಿ ಬರಲೆಂದು ಕಾಯುವುದು ಯಾರ ಪಾಲಿಗೆ ಬರುತ್ತಿತ್ತು? ಸಾಲಿನ ಕೊನೆಯಲ್ಲಿದ್ದವರ ಪಾಲಿಗೆ. ಗ್ರೀನ್ ಕಾರ್ಡಿಗೆ ಕಾಯುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

'ಆದರೆ ನಾನು ಕಷ್ಟಪಟ್ಟಿದ್ದೇನೆ' ಎಂಬ ಮಾತು ನಿಜ. ಅದನ್ನು ಯಾರೂ ಕಸಿಯುತ್ತಿಲ್ಲ. ಕಷ್ಟಕ್ಕೆ ಫಲ ಸಿಗುವ ಜಾಗದಲ್ಲಿ ಕಷ್ಟಪಡುವ ಅವಕಾಶ ಮಾತ್ರ ತಾನು ಗಳಿಸಿದ್ದಲ್ಲ. ಸುರತ್ಕಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾದದ್ದು ಸಾರ್ವಜನಿಕ ಹಣದಿಂದ. ಬೆಂಕಿಪೊಟ್ಟಣದ ಮೇಲೆ ಸುಂಕ ಕೊಟ್ಟ ಕೂಲಿಯವನ ಕಾಸೂ ಅದರಲ್ಲಿತ್ತು. ಶರಣರ ಕಾಯಕದ ಮಾತನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ, ಅದರ ಬೆನ್ನಿಗೇ ಅವರು ಇಟ್ಟಿದ್ದ ದಾಸೋಹವನ್ನು ಮಠದ ಊಟದ ಪಂಕ್ತಿಗೆ ಬಿಟ್ಟುಕೊಟ್ಟಿದ್ದೇವೆ. ದುಡಿದದ್ದೆಲ್ಲ ತನ್ನದೇ ಅಲ್ಲ ಎಂಬುದನ್ನು ಬಿಟ್ಟರೆ ಕಾಯಕ ಬರಿಯ ಸಂಬಳವಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ಎಲ್ಲರಿಗಿಂತ ಮೇಲೊಬ್ಬರು, ಕೆಳಗೊಬ್ಬರು ಇದ್ದೇ ಇರುತ್ತಾರೆ, ಹಾಗಿರುವಾಗ ಸವಲತ್ತಿನ ಮಾತಿಗೆ ಅರ್ಥವೇನು? 2022ರ ವಿಶ್ವ ಅಸಮಾನತೆ ವರದಿಯಂತೆ ಜಗತ್ತಿನ ಆದಾಯದ ಶೇ. 52 ಮೇಲಿನ ಹತ್ತನೇ ಒಂದು ಭಾಗದವರಿಗೆ ಹೋಗುತ್ತದೆ, ಕೆಳಗಿನ ಅರ್ಧದಷ್ಟು ಜನರಿಗೆ ಉಳಿಯುವುದು ಶೇ. 8.5. ಇದನ್ನು ಓದಿದ ಬೆಂಗಳೂರಿನ ನೌಕರ ಮೇಲೆ ನೋಡಿ ತಾನು ಬಡವನೆನ್ನಬಹುದು, ಕೆಳಗೆ ನೋಡಿ ನಾಚಿಕೊಳ್ಳಬಹುದು. ಎರಡರಿಂದಲೂ ಏನೂ ಆಗುವುದಿಲ್ಲ. ಸವಲತ್ತನ್ನು ಒಪ್ಪಿಕೊಳ್ಳುವುದೇ ಈಗ ಒಂದು ಶಿಷ್ಟಾಚಾರವಾಗಿದೆ. ಒಪ್ಪಿಕೊಂಡವರ ಮನಸ್ಸು ಹಗುರಾಗುತ್ತದೆ, ಮನೆಗೆಲಸದವಳ ಸಂಬಳ ಹಾಗೇ ಇರುತ್ತದೆ.

ತತ್ತ್ವಜ್ಞಾನಿಗಳು ಇಲ್ಲಿ ಎರಡು ದಾರಿ ತೋರಿದ್ದಾರೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಹಸಿವಿನಿಂದ ಸಾಯುತ್ತಿದ್ದಾಗ ಪೀಟರ್ ಸಿಂಗರ್ ಬರೆದರು: ಕಣ್ಣೆದುರು ಮುಳುಗುವ ಮಗುವನ್ನು ಎತ್ತುವುದು ಕರ್ತವ್ಯವಾದರೆ ದೂರದ ಮಗುವನ್ನು ಉಳಿಸುವುದೂ ಕರ್ತವ್ಯವೇ. ಥಾಮಸ್ ಪೊಗ್ಗೆ ಇನ್ನೊಂದು ಹೆಜ್ಜೆ ಮುಂದೆ ಹೋದರು: ಉಳ್ಳವರು ದಡದಲ್ಲಿ ನಿಂತ ದಾರಿಹೋಕರಲ್ಲ, ಬಡತನ ಹುಟ್ಟಿಸುವ ನಿಯಮಗಳನ್ನು ಮಾಡಿ ಅವುಗಳ ಲಾಭ ಉಣ್ಣುವವರು. ಇಬ್ಬರೂ ಮಾತಾಡಿದ್ದು ಹೆಚ್ಚಾಗಿ ಶ್ರೀಮಂತ ದೇಶದವರೊಡನೆ. ನಮ್ಮ ಮಧ್ಯಮ ವರ್ಗ ನಿಂತಿರುವ ಜಾಗ ಬೇರೆ: ಒಂದು ನಿಯಮದಿಂದ ಪೆಟ್ಟು ತಿನ್ನುತ್ತ, ಇನ್ನೊಂದರಿಂದ ಲಾಭ ಪಡೆಯುತ್ತ ಬದುಕುವ ಜಾಗ. ಒಂದು ಇನ್ನೊಂದನ್ನು ವಜಾ ಮಾಡುವುದಿಲ್ಲ.

ಆದ್ದರಿಂದ ನಾನು ಯಾವ ಮೆಟ್ಟಿಲ ಮೇಲಿದ್ದೇನೆ ಎನ್ನುವುದಕ್ಕಿಂತ, ಯಾವ ನಿಯಮದ ಮೇಲೆ ನನ್ನ ಕೈ ಇದೆ ಎಂದು ಕೇಳಿಕೊಳ್ಳುವುದು ಉಪಯುಕ್ತ. ಅಮೆರಿಕದ ಶೇ. 7ರ ನಿಯಮದ ಮೇಲೆ ಭಾರತೀಯನ ಕೈ ಇಲ್ಲ, ಅವನಿಗೆ ಅಲ್ಲಿ ಮತವೇ ಇಲ್ಲ. ಆದರೆ ಕೆಲಸದವರು ಬೇರೆ ಲಿಫ್ಟಿನಲ್ಲಿ ಬರಬೇಕೆಂಬ ಅಪಾರ್ಟ್‌ಮೆಂಟಿನ ನಿಯಮ ಮಾಡುವುದು ಅಲ್ಲಿನ ನಿವಾಸಿಗಳ ಸಭೆಯೇ. ಮನೆಗೆಲಸದವಳಿಗೆ ವಾರದ ರಜೆ ಉಂಟೋ ಇಲ್ಲವೋ ಎಂಬುದಕ್ಕೆ ವಾಷಿಂಗ್ಟನ್ನಿನ ಒಪ್ಪಿಗೆ ಬೇಕಿಲ್ಲ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ಸಲ್ಲಬೇಕಿದ್ದ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆಯ ಏರಿಕೆಯನ್ನು ಹಲವು ಕಾರ್ಖಾನೆಗಳು ಬಹುಕಾಲ ಕೊಡಲಿಲ್ಲ. ಹೊಲಿದ ಬಟ್ಟೆ ವಿದೇಶದ ಅಂಗಡಿಗಳಿಗೆ ಹೋಗುತ್ತಿತ್ತು, ನಿಜ. ಆದರೆ ಕೂಲಿಯ ಕಾನೂನು ಇಲ್ಲಿಯದು, ಸರ್ಕಾರ ಇಲ್ಲಿಯದು, ಓಟು ನಮ್ಮದು.

ಜಾತಿಭೇದವನ್ನು ಹೆಸರಿಟ್ಟು ನಿಷೇಧಿಸಿದ ಅಮೆರಿಕದ ಮೊದಲ ನಗರವಾಗಿ ಸಿಯಾಟಲ್ 2023ರ ಫೆಬ್ರವರಿಯಲ್ಲಿ ಕಾನೂನು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಯನ್ನು ಅಲ್ಲಿನ ರಾಜ್ಯಪಾಲರು ವಜಾ ಮಾಡಿದರು. ಎರಡೂ ಕಡೆ ಪರ ನಿಂತವರಲ್ಲೂ ವಿರೋಧಿಸಿದವರಲ್ಲೂ ಭಾರತ ಮೂಲದವರಿದ್ದರು. ಇಡೀ ಸಮುದಾಯದ ಮೇಲೆ ಶಂಕೆ ಬರುತ್ತದೆ ಎಂಬುದು ವಿರೋಧಿಗಳ ಆತಂಕವಾಗಿತ್ತು. ಆ ಆತಂಕ ಹುಸಿಯೆಂದು ತಳ್ಳಬೇಕಿಲ್ಲ. ಆದರೆ ಹುಟ್ಟನ್ನು ನೋಡಿ ಅಳೆಯಬೇಡಿ ಎಂದು ಪರದೇಶದ ಸರ್ಕಾರವನ್ನು ಕೇಳುವ ಸಮುದಾಯ ಅದೇ ಮಾತು ಕಾನೂನಾಗುವಾಗ ಹಿಂದೆ ಸರಿದರೆ, ಅದು ಕೇಳುತ್ತಿರುವುದು ನ್ಯಾಯವಲ್ಲ, ರಿಯಾಯಿತಿ. ನ್ಯಾಯ ಕೇಳುವವರು ತಮಗೆ ನಷ್ಟವಾಗುವ ಕಡೆಯೂ ಅದನ್ನು ಕೇಳಬೇಕಾಗುತ್ತದೆ: ತೆರಿಗೆಯಲ್ಲಿ, ಮೀಸಲಾತಿಯಲ್ಲಿ, ಕನಿಷ್ಠ ಕೂಲಿಯಲ್ಲಿ, ಅಪಾರ್ಟ್‌ಮೆಂಟಿನ ಸಭೆಯಲ್ಲಿ.