ಎಲೀಯನಿಗೆ ಮೊದಲು ರೊಟ್ಟಿ, ಆಮೇಲೆ ಮಾತು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದಿರುವ ಪ್ರಿಯ ದೇವಜನರೇ, ಹಿಂದೆ ಚಾಪೆ ಮ್ಯಾಲೆ ಕುಂತಿರೋ ಯೌವನಸ್ಥರೇ, ಎಲ್ಲರೂ ಒಂದ್ಸಲ ದೇವರಿಗೆ ಸ್ತೋತ್ರ ಅನ್ರಿ.

ಇವತ್ತಿನ ಸಂದೇಶ ಹತ್ತನೇ ಕ್ಲಾಸು, ಪಿಯುಸಿ ಓದೋ ನಮ್ಮ ಮಕ್ಕಳಿಗಾಗಿ. ತಂದೆತಾಯಂದಿರು ಎದ್ದು ಹೋಗಬ್ಯಾಡ್ರಿ, ಅರ್ಧ ಸಂದೇಶ ನಿಮಗೇ ಐತಿ. ಪರೀಕ್ಷೆ ಹತ್ತಿರ ಬಂತು. ಪ್ರಾರ್ಥನೆಗೆ ಅಂತ ಮನೆಮನೆಗೆ ಹೋದಾಗ ನಾನು ಕೇಳೋ ಮಾತು ಒಂದೇ: "ಬ್ರದರ್, ಹುಡುಗ ಊಟ ಮಾಡವಲ್ಲ, ರಾತ್ರಿ ಎದ್ದು ಕುಂದರತಾನ, ಏನು ಕೇಳಿದ್ರೂ ಸಿಟ್ಟು." ಕೆಲವರು ಇನ್ನೊಂದು ಮಾತು ಸೇರಿಸ್ತಾರೆ: "ಏನೋ ಅಶುದ್ಧಾತ್ಮ ಇರಬೇಕು, ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ರಿ." ಪ್ರಾರ್ಥನೆ ನಾನು ಖಂಡಿತ ಮಾಡ್ತೀನಿ. ಆದರೆ ಅದಕ್ಕೂ ಮೊದಲು ಆ ಮಗುವನ್ನ ಕೇಳ್ತೀನಿ, "ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದ್ದೀಪಾ?" ಯಾಕೆ ಹಾಗೆ ಕೇಳ್ತೀನಿ ಅನ್ನೋದಕ್ಕೆ ಸತ್ಯವೇದದಲ್ಲೇ ಉತ್ತರ ಐತಿ. ಒಂದನೆಯ ಅರಸುಗಳು 19ನೇ ಅಧ್ಯಾಯ ತೆಗೀರಿ.

ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದದ್ದನ್ನ ಕಂಡ ಪ್ರವಾದಿ ಎಲೀಯ. ದೊಡ್ಡ ಜಯ ಸಿಕ್ಕಿತ್ತು. ಅದರ ಬೆನ್ನಿಗೇ ಈಜೆಬೆಲಳಿಂದ ಜೀವ ಬೆದರಿಕೆ ಬಂತು. ಈ ಮನುಷ್ಯ ಓಡಿದ. ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟು ಒಬ್ಬನೇ ಅಡವಿಗೆ ಹೋದ. ಗಿಡದ ಕೆಳಗೆ ಕುಂತು, ಸಾಕಪ್ಪಾ ದೇವರೇ, ನನ್ನ ಜೀವ ತಗೋ ಅಂತ ಬೇಡಿಕೊಂಡ. ಮಕ್ಕಳೇ, ಕೇಳಿಸ್ಕೊಳ್ರಿ. ಸತ್ಯವೇದದ ದೊಡ್ಡ ಪ್ರವಾದಿಗೂ ಈ ಸ್ಥಿತಿ ಬಂದಿತ್ತು. ನಿಮಗೆ ಎದಿ ಡವಡವ ಅಂದ್ರೆ, ಓದಿದ್ದು ಮರೆತು ಹೋದ್ರೆ, ಅಳು ಬಂದ್ರೆ, ನಿಮ್ಮ ವಿಶ್ವಾಸ ಸತ್ತು ಹೋಯ್ತು ಅಂತ ಅರ್ಥ ಅಲ್ಲ.

ದೇವರು ಆವಾಗ ಏನು ಮಾಡಿದನು? ಬೈದನಾ? ಬೈಯಲಿಲ್ಲ. ಬೋಧನೆ ಮಾಡಿದನಾ? ಅದನ್ನೂ ಮಾಡಲಿಲ್ಲ. ಮಲಗೋಕೆ ಬಿಟ್ಟನು. ದೂತನು ಬಂದು ಮುಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಉಣಿಸಿದ. ದೇವರು ಮಾತಾಡಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ರೊಟ್ಟಿ, ಆಮೇಲೆ ಮಾತು. ಆಮೆನ್ ಹೇಳ್ರಿ.

ಇದರಿಂದ ಮೊದಲನೇ ಪಾಠ: ಶರೀರವನ್ನ ನೋಡ್ಕೊಳ್ರಿ. 13ರಿಂದ 18 ವಯಸ್ಸಿನ ಮಕ್ಕಳಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು ಅಂತ ವೈದ್ಯರು ಹೇಳ್ತಾರೆ. ಓದಿದ್ದು ತಲೆಯಲ್ಲಿ ಕುಂದ್ರೋದು ನಿದ್ದೆಯಲ್ಲೇ. ಮೊಬೈಲನ್ನ ಮಲಗೋ ಕೋಣೆಯಿಂದ ಹೊರಗಿಡ್ರಿ. ಎದೆ ಬಡಿತ ಹೆಚ್ಚಾದಾಗ ನಾಲ್ಕು ಎಣಿಸ್ತಾ ಉಸಿರು ಒಳಗೆ ತಗೊಳ್ರಿ, ಆರು ಎಣಿಸ್ತಾ ನಿಧಾನಕ್ಕೆ ಬಿಡ್ರಿ. ಹತ್ತು ಸಲ ಹಾಗೆ ಮಾಡಿ, ಯೇಸಪ್ಪಾ ಅಂತ ಕರೀರಿ. ಇನ್ನೊಂದು ಮಾತು ಸಭೆಗೆ: ಪರೀಕ್ಷೆ ಮುಗಿಯೋ ತನಕ ಈ ಮಕ್ಕಳು ಉಪವಾಸ ಮಾಡೋದು ಬ್ಯಾಡ, ರಾತ್ರಿ ಪ್ರಾರ್ಥನೆಗೂ ಬರೋದು ಬ್ಯಾಡ. ಅವರ ಬದಲಿಗೆ ನಾವು ದೊಡ್ಡವರು ಉಪವಾಸ ಮಾಡೋಣ. ಅವರು ಉಂಡು ಮಲಗಲಿ.

ಎರಡನೇ ಪಾಠ: ಕೇಳ್ರಿ. ಗುಹೆಯಲ್ಲಿ ದೇವರು ಎಲೀಯನಿಗೆ ಒಂದು ಪ್ರಶ್ನೆ ಕೇಳಿದನು, ಇಲ್ಲಿ ಏನು ಮಾಡ್ತಾ ಇದ್ದೀ ಅಂತ. ಅದನ್ನೇ ಎರಡು ಸಲ ಕೇಳಿದನು. ಎಲೀಯ ಎರಡು ಸಲವೂ ಅದೇ ದೂರು ಹೇಳಿದ, ದೇವರು ಎರಡು ಸಲವೂ ಪೂರ್ತಿ ಕೇಳಿಸಿಕೊಂಡನು. ತಂದೆತಾಯಂದಿರೇ, ನಮ್ಮ ಮನೆಯಲ್ಲಿ ಮಗು ಬಾಯಿ ಬಿಟ್ರೆ ಏನು ಹೇಳ್ತೀವಿ? "ನಾವು ಗೋವಿನಜೋಳದ ಹೊಲದಾಗ ಬಿಸಲಾಗ ಸಾಯ್ತೀವಿ, ನಿನಗೇನು ಟೆನ್ಶನ್ನು?" ಅಲ್ಲಿಗೆ ಮಾತು ಮುಗೀತು. ಆ ಮಗು ಮತ್ತೆ ಬಾಯಿ ಬಿಡೋದಿಲ್ಲ. ಹೆಣ್ಣುಮಕ್ಕಳಿಗಂತೂ ಇನ್ನೊಂದು ಕತ್ತಿ ತಲೆ ಮೇಲೆ ತೂಗ್ತದ: "ಫೇಲಾದ್ರ ಮದುವಿ ಮಾಡಿಬಿಡ್ತೀವಿ." 18 ತುಂಬದ ಹುಡುಗಿಗೆ ಮದುವೆ ಮಾಡೋದು ಕಾನೂನಿಗೆ ವಿರುದ್ಧ, ದೇವರ ಮನಸ್ಸಿಗೂ ವಿರುದ್ಧ. ಆ ಬೆದರಿಕೆ ನಮ್ಮ ಸಭೆಯ ಯಾವ ಮನೆಯಲ್ಲೂ ಕೇಳಿಸಬಾರದು. ಅಂಥ ಒತ್ತಾಯ ಇದ್ರೆ ಮಕ್ಕಳೇ, 1098ಕ್ಕೆ ಫೋನ್ ಮಾಡ್ರಿ, ಮಕ್ಕಳ ಸಹಾಯವಾಣಿ ಅದು, ಹಣ ಬೇಕಾಗಿಲ್ಲ.

ಮೂರನೇ ಪಾಠ: ಭಾರ ಹಂಚಿಕೊಳ್ರಿ. ನಾನೊಬ್ಬನೇ ಉಳಿದೆ ಅಂತ ಎಲೀಯ ಅಂದ್ಕೊಂಡಿದ್ದ. ಇನ್ನೂ 7,000 ಜನ ಇದ್ದಾರೆ ಅಂತ ದೇವರು ತೋರಿಸಿದನು. ಆಮೇಲೆ ಹನ್ನೆರಡು ಜೋಡಿ ಎತ್ತುಗಳ ಹಿಂದೆ ಹೊಲ ಉಳ್ತಿದ್ದ ಎಲೀಷನನ್ನ ಜೊತೆಗೆ ಕೊಟ್ಟನು. ಒಕ್ಕಲುತನ ಮಾಡೋ ನಿಮಗೆ ಗೊತ್ತು, ನೊಗಕ್ಕೆ ಒಂದೇ ಎತ್ತು ಕಟ್ಟಿದ್ರೆ ಸಾಲು ನೆಟ್ಟಗೆ ಬರೋದಿಲ್ಲ.

ಸವಣೂರಿನವರಿಗೆ ನೆನಪಿರಬಹುದು. 2023ರ ಜುಲೈ ಮಳೆಗಾಲದಲ್ಲಿ ಅಲ್ಲಿಯ ಹಳೇ ದೊಡ್ಡಹುಣಸೆ ಮರಗಳಲ್ಲಿ ಒಂದು ಬುಡಸಮೇತ ಬಿತ್ತು. ಹೋದದ್ದು ಹೋಯ್ತು ಅಂತ ಕೈಬಿಡಲಿಲ್ಲ. ಟೊಂಗಿ ಕಡಿದು ಭಾರ ಇಳಿಸಿದ್ರು, ಯಂತ್ರ ತಂದ್ರು, ಎಷ್ಟೋ ಕೈ ಸೇರಿ ಅದನ್ನ ಮತ್ತೆ ನಿಲ್ಲಿಸಿ ನೆಟ್ರು. ಯಾಕೆ ಬಿದ್ದೀ ಅಂತ ಯಾರೂ ಮರಕ್ಕೆ ಬೈಯಲಿಲ್ಲ. ಮರಕ್ಕೆ ಅಷ್ಟು ಮಾಡಿದವರು ಮಗುವಿಗೆ ಅಷ್ಟು ಮಾಡಬಾರದಾ? ಇಳಿಸಬೇಕಾದ ಟೊಂಗಿ ಯಾವುದು ನೋಡ್ರಿ. ಪಕ್ಕದ ಮನೆ ಹುಡುಗನ ಜೊತೆ ಹೋಲಿಕೆ ಒಂದು. ಪರೀಕ್ಷೆ ತಿಂಗಳಲ್ಲಿ ಹೊಲದ ಕೆಲಸ, ದನದ ಕೆಲಸ ಇನ್ನೊಂದು. "ಇದೊಂದೇ ಅವಕಾಶ" ಅನ್ನೋ ಮಾತು ಮತ್ತೊಂದು. ಅದು ಸುಳ್ಳು ಕೂಡ ಹೌದು. 2023-24ನೇ ಸಾಲಿನಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಾವು. ಅವುಗಳಲ್ಲಿ ಹೆಚ್ಚು ಬಂದ ಅಂಕವೇ ನಿಮ್ಮದು. 625ಕ್ಕೆ ಎಷ್ಟು ಬಂತು ಅನ್ನೋದು ಕಾಗದದ ಮೇಲಿನ ಲೆಕ್ಕ. ಕ್ರಿಸ್ತನು ರಕ್ತ ಸುರಿಸಿ ಕೊಂಡ ಮಗುವಿನ ಬೆಲೆ ಆ ಕಾಗದದಲ್ಲಿ ಇಲ್ಲ. ಹಲ್ಲೆಲೂಯಾ!

ಈಗ ಒಂದು ಗಂಭೀರವಾದ ಮಾತು. ಎರಡು ವಾರ ಆದ್ರೂ ನಿದ್ದೆ ಊಟ ಸರಿ ಆಗದಿದ್ರೆ, ಗೆಳೆಯರ ಜೊತೆ ಮಾತು ಬಿಟ್ರೆ, "ನಾನು ಇದ್ರೆಷ್ಟು, ಇಲ್ಲದಿದ್ರೆಷ್ಟು" ಅನ್ನೋ ಮಾತು ಬಂದ್ರೆ, ತಡ ಮಾಡಬ್ಯಾಡ್ರಿ. ನೇರವಾಗಿ ಕೇಳ್ರಿ, ಸಾಯೋ ವಿಚಾರ ಬರ್ತದಾ ಅಂತ. ಕೇಳಿದ್ರೆ ಆ ವಿಚಾರ ಹುಟ್ಟೋದಿಲ್ಲ, ಒಳಗಿನ ಭಾರ ಹೊರಗೆ ಬರ್ತದ. ಆ ಮಗುವನ್ನ ಒಬ್ಬನ್ನೇ ಬಿಡಬ್ಯಾಡ್ರಿ. ಹೊಲಕ್ಕೆ ಹೊಡೆಯೋ ಎಣ್ಣಿ ಕೈಗೆ ಸಿಗದ ಹಾಗೆ ಬೀಗ ಹಾಕಿಡ್ರಿ. 14416, ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ತಾಲೂಕಾ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ತೋರಿಸ್ರಿ. ಡಾಕ್ಟರ ಹತ್ರ ಹೋದ್ರೆ ವಿಶ್ವಾಸ ಕಡಿಮೆ ಅಂತ ಯಾರಾದ್ರೂ ಅಂದ್ರೆ, ಪೌಲನ ಜೊತೆಗಾರ ಲೂಕನು ಯಾರು ಅಂತ ಕೇಳ್ರಿ. ಕೊಲೊಸ್ಸೆ 4:14 ನೋಡ್ರಿ, ವೈದ್ಯ! ಸುವಾರ್ತೆ ಬರೆದ ಕೈಯೇ ರೋಗಿಯ ನಾಡಿಯನ್ನೂ ಹಿಡಿದ ಕೈ.

ಮಕ್ಕಳೇ, ಈ ವಾರ ಒಂದೇ ಕೆಲಸ ಮಾಡ್ರಿ. ನಿಮ್ಮ ಎಲೀಷ ಯಾರು ಅಂತ ಗುರುತಿಸಿ, ಅಕ್ಕ, ಮಾಮಾ, ಟೀಚರು, ಯಾರಾದ್ರೂ ಸರಿ, ಅವರ ಹತ್ರ ಹೋಗಿ "ನನಗೆ ಕಷ್ಟ ಆಗೈತಿ" ಅಂತ ಹೇಳ್ರಿ. ಯಾರೂ ಕಾಣದಿದ್ರೆ ಆರಾಧನೆ ಮುಗಿದ ಮೇಲೆ ನನ್ನ ಹತ್ರ, ಇಲ್ಲಾ ನಮ್ಮ ಸಿಸ್ಟರ ಹತ್ರ ಬರ್ರಿ. ಭಾರ ಹೊತ್ತು ದಣಿದವರನ್ನ ಯೇಸು ತನ್ನ ಬಳಿಗೆ ಕರೆದನು. ಆತನು ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ.

ತಂದೆತಾಯಂದಿರೇ, ನಿಮ್ಮ ಮಗುವಿನ ತಲೆ ಮೇಲೆ ಕೈ ಇಡ್ರಿ, ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ಗಿಡದ ಕೆಳಗೆ ಕುಂತಿದ್ದ ನಿನ್ನ ದಾಸನನ್ನ ನೀನು ಮರೆಯಲಿಲ್ಲ. ಈ ನಾಲ್ಕು ತಾಲೂಕಿನ ನಮ್ಮ ಮಕ್ಕಳನ್ನೂ ಮರೆಯಬೇಡ. ಇವತ್ತು ರಾತ್ರಿ ಇವರಿಗೆ ನಿದ್ದೆ ಕೊಡು. ಇವರ ಮಾತು ಕೇಳೋ ಕಿವಿ ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.