ಹಲ್ಲುಜ್ಜದ ವ್ರತ, ಹಲ್ಲಿನ ಮೇಲಿನ ಬಿಳಿ ಕಲೆ

ದಿಗಂಬರ ಜೈನ ಮುನಿಗಳು ಪಾಲಿಸಲೇಬೇಕಾದ 28 ಮೂಲಗುಣಗಳಲ್ಲಿ ಒಂದು ಅದಂತಧಾವನ, ಅಂದರೆ ಹಲ್ಲುಜ್ಜದಿರುವುದು. ಬೆರಳು, ಉಗುರು, ಕಡ್ಡಿ, ತೊಗಟೆ ಯಾವುದರಿಂದಲೂ ಹಲ್ಲು ತಿಕ್ಕಬಾರದೆಂದು ವಟ್ಟಕೇರರ ‘ಮೂಲಾಚಾರ’ ಬಿಡಿಸಿ ಹೇಳುತ್ತದೆ. ದೇಹದ ಅಂದಕ್ಕೆ ಮನಸೋಲದೆ ಇಂದ್ರಿಯಗಳನ್ನು ಹಿಡಿತದಲ್ಲಿಡುವುದು ಅದರ ಗುರಿ. ಶ್ರವಣಬೆಳಗೊಳಕ್ಕೆ ನಡೆದು ಬರುವ ಮುನಿಗಳಿಗೆ ಇಂದಿಗೂ ಇದೇ ಕಟ್ಟಳೆ.

ಜೈನ ಸಂಘದಂತೆಯೇ ಗಂಗಾ ಬಯಲಿನಲ್ಲಿ ಬೆಳೆದ ಬೌದ್ಧ ಸಂಘ ಬೇರೆ ದಾರಿ ಹಿಡಿಯಿತು. ಹಲ್ಲುಕಡ್ಡಿ ಮುಟ್ಟದ ಭಿಕ್ಷುಗಳ ಬಾಯಿ ನಾರುತ್ತಿದ್ದುದರಿಂದ ಬುದ್ಧ ಕಡ್ಡಿಗೆ ಅನುಮತಿ ಕೊಟ್ಟನೆಂದು ವಿನಯಪಿಟಕದ ಚುಳ್ಳವಗ್ಗ ಹೇಳುತ್ತದೆ. ಉದ್ದನೆಯ ಕಡ್ಡಿಯಿಂದ ಕೆಲವರು ಕಿರಿಯ ಶ್ರಾಮಣೇರರಿಗೆ ಹೊಡೆದರಂತೆ, ಹಾಗಾಗಿ ಎಂಟು ಬೆರಳಿಗಿಂತ ಉದ್ದ ಬೇಡ. ತೀರಾ ಚಿಕ್ಕದು ಒಬ್ಬನ ಗಂಟಲಲ್ಲಿ ಸಿಕ್ಕಿಕೊಂಡಿತು, ಹಾಗಾಗಿ ನಾಲ್ಕು ಬೆರಳಿಗಿಂತ ಗಿಡ್ಡ ಬೇಡ. ಎರಡೂ ಕಡೆ ವೈರಾಗ್ಯವೇ ಗುರಿ. ಆದರೂ ಒಂದು ಕಡೆ ಹಲ್ಲಿನ ಆರೈಕೆ ಮೋಹ, ಇನ್ನೊಂದು ಕಡೆ ಶಿಸ್ತು.

ಈ ಭಿನ್ನಮತವನ್ನು ಇಂದು ಒರೆಗೆ ಹಚ್ಚಲು ಹಲ್ಲಿನ ಮೇಲಿನ ಒಂದು ಬಿಳಿ ಕಲೆ ಸಾಕು. ಹಲ್ಲಿಗೆ ಹಾಕಿಸಿದ್ದ ಕ್ಲಿಪ್ ತೆಗೆದಾಗ ಅದು ಅಂಟಿದ್ದ ಜಾಗದ ಸುತ್ತ ಸೀಮೆಸುಣ್ಣ ಗೀಚಿದಂಥ ಚೌಕಟ್ಟು ಕಾಣುವುದುಂಟು. ವೈದ್ಯರು ಅದರ ಮೇಲೆ ಗಾಳಿ ಊದಿದರೆ ಬಿಳುಪು ಎದ್ದು ಕಾಣುತ್ತದೆ, ಜೊಲ್ಲು ತಾಗಿದರೆ ಮಂಕಾಗುತ್ತದೆ. ಎನಾಮೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಸಿಹಿ ತಿಂದಾಗ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳು ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗತೊಡಗುತ್ತದೆ. ಮೇಲ್ಪದರ ಬಹುಮಟ್ಟಿಗೆ ಗಟ್ಟಿಯಾಗಿಯೇ ಉಳಿದು ಅದರಡಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಆ ರಂಧ್ರಗಳಲ್ಲಿ ಬೆಳಕು ಚದುರುವುದರಿಂದಲೇ ಈ ಬಿಳುಪು.

ಎನಾಮೆಲ್ ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. ಹಾಗಾಗಿ ಒಮ್ಮೆ ಕುಳಿ ಬಿದ್ದರೆ ಅದು ತಾನಾಗಿ ಬೆಳೆದು ಮುಚ್ಚಿಕೊಳ್ಳುವುದಿಲ್ಲ. ಆದರೆ ಬಿಳಿ ಕಲೆಯ ಹಂತದಲ್ಲಿ ಡ್ರಿಲ್ ಬೇಕಿಲ್ಲ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಮತ್ತೆ ಒಳಗೆ ಸೇರುತ್ತವೆ, ಫ್ಲೋರೈಡ್ ಪೇಸ್ಟ್ ಅಥವಾ ವಾರ್ನಿಶ್ ಅದಕ್ಕೆ ಒತ್ತಾಸೆಯಾಗುತ್ತದೆ. ಇದಕ್ಕೆಲ್ಲ ಮುಖ್ಯವಾಗಿ ಬೇಕಾದದ್ದು ಬಿಡುವು. ಗಂಟೆಗೊಮ್ಮೆ ಸಕ್ಕರೆ ಚಹಾ, ಬಿಸ್ಕತ್ತು ಅಂತ ಬಾಯಾಡಿಸುವವರಲ್ಲಿ ಜೊಲ್ಲಿಗೆ ಕೆಲಸ ಮಾಡಲು ಸಮಯವೇ ಸಿಗದು. ಮುನಿಗಳ ಇನ್ನೊಂದು ಮೂಲಗುಣ ಏಕಭುಕ್ತ, ದಿನಕ್ಕೆ ಒಂದೇ ಊಟ, ಅದೂ ನಿಂತು, ಅಂಗೈಯಲ್ಲಿ. ವ್ರತ ಹಲ್ಲನ್ನು ಕಾಯುತ್ತದೆಂದು ಇದರಿಂದ ವಾದಿಸಲಾಗದು, ಉಜ್ಜದ ಹಲ್ಲಿನ ಪಾಚಿ ಒಸಡನ್ನು ಬಿಡುವುದಿಲ್ಲ. ಆದರೆ ಆರೈಕೆ ಮತ್ತು ಸಂಯಮ ಎದುರಾಳಿಗಳೆಂಬ ಎಣಿಕೆ ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಬಿಳಿ ಕಲೆಗೆ ಮೊದಲ ಮದ್ದೇ ನಾಲಗೆಯ ಹಿಡಿತ.

ಕಷ್ಟದ ಪ್ರಶ್ನೆ ಏಳುವುದು ಆಮೇಲೆ. ಕಲೆ ಗಟ್ಟಿಯಾಗಿ ಹೊಳಪು ಪಡೆದರೆ ಹುಳುಕು ಅಲ್ಲಿಗೆ ನಿಂತಿದೆ ಎಂದರ್ಥ, ಬಿಳುಪು ಮಾತ್ರ ಉಳಿಯಬಹುದು. ಕ್ಲಿಪ್ ತೆಗೆದ ನಂತರ ಕೆಲವು ತಿಂಗಳು ಕಾದರೆ ಎಷ್ಟೋ ಕಲೆಗಳು ತಾವಾಗಿಯೇ ಮಸುಕಾಗುತ್ತವೆ. ಮಾಸದ್ದಕ್ಕೆ ರೆಸಿನ್ ತುಂಬುವ ವಿಧಾನವಿದೆ. 15 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲವನ್ನು ಎರಡು ನಿಮಿಷ ಹಚ್ಚಿ ಮೇಲ್ಪದರ ತೆರೆಯುತ್ತಾರೆ, ಒಣಗಿಸಿ, ತೆಳು ರೆಸಿನ್ ಇಂಗಿಸಿ, ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ರೆಸಿನ್ ಬೆಳಕನ್ನು ಬಾಗಿಸುವ ಪ್ರಮಾಣ ಎನಾಮೆಲ್‌ಗೆ ಹತ್ತಿರವಾದ್ದರಿಂದ ಕಲೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಿಂತ ಕಲೆಯ ಮಟ್ಟಿಗೆ ಇದು ರೋಗದ ಚಿಕಿತ್ಸೆಯಲ್ಲ, ನೋಟದ ಚಿಕಿತ್ಸೆ. ಹಾಗಾದರೆ ಇದು ಮೋಹವೇ?

ಉತ್ತರಕ್ಕೆ ಪಾವಗಡದ ಕಡೆ ನೋಡಬೇಕು. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹುಕಾಲದಿಂದ ತಿಳಿದದ್ದೇ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಹುಳುಕಿನ ಬಿಳಿ ಕಲೆಗೆ ಮದ್ದಾಗುವ ಫ್ಲೋರೈಡೇ, ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಅತಿಯಾದರೆ ಬಿಳಿ ಗೀರು, ಕಂದು ಮಚ್ಚೆಗಳನ್ನು ಮೂಡಿಸುತ್ತದೆ, ಇದೇ ಫ್ಲೋರೋಸಿಸ್. ಆ ಮಗು ತಪ್ಪೇನನ್ನೂ ಮಾಡಿಲ್ಲ, ಊರಿನ ನೀರು ಕುಡಿದಿದೆ ಅಷ್ಟೆ. ಮುಂದೆ ಅದು ಕೈ ಅಡ್ಡ ಹಿಡಿದು ನಗುವುದನ್ನು ಕಲಿತರೆ ‘ಪೂರ್ವಕರ್ಮ’ ಎನ್ನುವುದಾಗಲಿ, ‘ನಶ್ವರ ದೇಹಕ್ಕೆ ಯಾಕಿಷ್ಟು ಅಕ್ಕರೆ’ ಎನ್ನುವುದಾಗಲಿ ಧರ್ಮದ ಮಾತಾಗದು. ಮುನಿಯ ಅದಂತಧಾವನ ಆತನೇ ಬೇಡಿ ಪಡೆದ ದೀಕ್ಷೆ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ ಎಂದು ಜೈನ ಪರಂಪರೆಯೇ ಬೇರೆ ಮಾಡಿಟ್ಟಿದೆ. ತನ್ನ ಹಲ್ಲಿನ ಮೇಲಿನ ಹಂಬಲ ಬಿಡುವ ಹಕ್ಕು ಮುನಿಗಿದೆ, ಪಕ್ಕದ ಮನೆಯ ಹುಡುಗಿಯ ಹಂಬಲವನ್ನು ಬಿಡಿಸುವ ಹಕ್ಕು ಯಾರಿಗೂ ಇಲ್ಲ. ಸೌಮ್ಯ ಫ್ಲೋರೋಸಿಸ್‌ನ ಬಿಳುಪನ್ನೂ ರೆಸಿನ್ ಬಹುಪಾಲು ಮರೆಸಬಲ್ಲದು, ಗಾಢ ಕಂದು ಮಚ್ಚೆಗೆ ಬೇರೆ ಚಿಕಿತ್ಸೆ ಬೇಕಾಗುತ್ತದೆ. ಆಕೆ ಕೇಳಿದರೆ ಅದನ್ನು ಮಾಡಿಕೊಡುವುದು ವೈದ್ಯರ ಕರ್ತವ್ಯ. ಆಕೆಯ ತಮ್ಮ ತಂಗಿಯರ ಹಲ್ಲು ಮೂಡುವ ಮೊದಲೇ ಫ್ಲೋರೈಡ್ ಮಿತಿಯೊಳಗಿರುವ ನೀರನ್ನು ಆ ಊರಿಗೆ ತರುವುದು ಸರ್ಕಾರದ ಕರ್ತವ್ಯ.